ಕಂಪ್ಯೂಟರಿನ ಕೌದಿ

ನಮ್ಮ ಪಡಸಾಲೆಯ ಕಂಪ್ಯೂಟರಿಗೊಂದು ಕೌದಿ ಇದೆ. ಹಳೆಯ ಬಟ್ಟೆಗಳನ್ನು ಒಂದರ ಮೇಲೊಂದು ಹಾಸಿ, ಸಾಲುಸಾಲಾಗಿ ದಾರ ಹಾಕಿ, ನಾನೇ ಕೈಯಾರೆ ಹೊಲಿದದ್ದು. ತೊಟ್ಟಿಲ ಕೂಸಿಗೆ ಹೊಲಿಯುವಷ್ಟೇ ಅಳತೆಯದು. ಅದರ ನಡುವೆ ನಿಮ್ಮ ಅಜ್ಜನ ನೀಲಿ ಗೆರೆಯ ಅಂಗಿಯ ಬೆನ್ನು ಇದೆ, ಅಂಚಿಗೆಲ್ಲ ನನ್ನ ಇಳಕಲ್ ಸೀರೆಯ ದಡಿ ಇದೆ, ಒಂದು ಮೂಲೆಯಲ್ಲಿ, ಗೌರಿ, ನಿನ್ನ ಮೊದಲ ಹುಟ್ಟುಹಬ್ಬದ ಫ್ರಾಕಿನ ಹಳದಿ ಹೂ, ಇನ್ನೊಂದು ಮೂಲೆಯಲ್ಲಿ, ಚನ್ನು, ನಿನ್ನ ಕುಂಚಿಗೆಯ ಕೆಂಪು ತುಂಡು. ಮೊಮ್ಮಕ್ಕಳಾದ ನೀವಿಬ್ಬರೂ ದೊಡ್ಡವರಾಗಿ ಇದನ್ನು ಓದುವ ಹೊತ್ತಿಗೆ ಆ ಕಂಪ್ಯೂಟರು ಗುಜರಿಗೆ ಹೋಗಿರುತ್ತದೆ, ಕೌದಿ ಮಾತ್ರ ಯಾವುದಾದರೂ ಟ್ರಂಕಿನಲ್ಲಿ ಉಳಿದಿದ್ದೀತು. ಹಳೆಯ ಬಟ್ಟೆಗೆ ಆಯುಷ್ಯ ಹೆಚ್ಚು. ಆಗ ಅದನ್ನು ಕೈಯಲ್ಲಿ ಹಿಡಿದು, ಇಷ್ಟು ಸಣ್ಣ ಕೌದಿ ಯಾರಿಗೆ ಹೊಲಿದದ್ದು ಎಂದು ನಿಮಗನ್ನಿಸಿದರೆ, ಉತ್ತರ ಇಲ್ಲಿರಲಿ.

ಬರೆಯುವುದು ನನಗೆ ರೂಢಿಯಿಲ್ಲ. ಗರಗದ ಕನ್ನಡ ಸಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದವಳು ನಾನು, ಮಾತೂ ಕಡಿಮೆ. ಮದುವೆಯಾಗಿ ಬಂದ ಮೇಲೆ ನಿಮ್ಮ ಅಜ್ಜನನ್ನು ಒಂದು ದಿನವೂ ಕೂಗಿ ಕರೆಯಲಿಲ್ಲ. ಊಟಕ್ಕೆ ಕರೆಯಬೇಕಾದರೆ ಅಡುಗೆಮನೆಯ ಬಾಗಿಲ ಚಿಲಕವನ್ನು ಸ್ವಲ್ಪ ಸದ್ದು ಮಾಡುತ್ತಿದ್ದೆ, ಅವರು ಎದ್ದು ಬರುತ್ತಿದ್ದರು. ಅವರು ತೀರಿಕೊಂಡ ಮೇಲೆ ಚಿಲಕಕ್ಕೂ ಕೆಲಸವಿಲ್ಲದಾಯಿತು. ಹೀಗೆ ಸದ್ದಿಲ್ಲದೆ ಬದುಕಿದ ನಿಮ್ಮ ಆಯಿ ಈಗ ಕಂಪ್ಯೂಟರಿನ ವಿಷಯ ಬರೆಯಲು ಕುಳಿತಿದ್ದಾಳೆಂದರೆ ನಿಮಗೆ ನಗು ಬಂದೀತು. ನಕ್ಕುಬಿಡಿರಿ, ನಗುತ್ತ ಓದಿದರೆ ನನಗೂ ಸಂಕೋಚ ಕಡಿಮೆಯಾಗುತ್ತದೆ.

ಆ ಕಂಪ್ಯೂಟರು ನಿಮ್ಮ ತಾಯಿ ಶೈಲಾಳದು. ಹುಬ್ಬಳ್ಳಿಯ ಮುದ್ರಣಾಲಯಗಳಿಗೆ ಲಗ್ನಪತ್ರಿಕೆ, ಸಾಲೆಗಳ ಸ್ಮರಣಸಂಚಿಕೆ, ಒಮ್ಮೊಮ್ಮೆ ನಿವೃತ್ತರಾದ ಮಾಸ್ತರರೊಬ್ಬರ ಕವನಗಳು, ಇವನ್ನೆಲ್ಲ ಮನೆಯಲ್ಲೇ ಕುಳಿತು ಅಕ್ಷರ ಜೋಡಿಸಿ, ಪುಟ ಕಟ್ಟಿ ಕೊಡುವುದು ಅವಳ ಉದ್ಯೋಗ. ಲಗ್ನದ ಸುಗ್ಗಿ ಬಂದರೆ ಅವಳಿಗೆ ಉಸಿರಾಡಲು ಪುರಸೊತ್ತಿಲ್ಲ. ಯಾರಯಾರದೋ ಮನೆಯ ಬೀಗರ ಹೆಸರುಗಳು ನಮ್ಮ ಪಡಸಾಲೆಯಲ್ಲಿ ತಿಂಗಳುಗಟ್ಟಲೆ ವಾಸ ಮಾಡುತ್ತವೆ. ನವನಗರದ ಈ ಮನೆಗೆ ರಸ್ತೆಯ ಧೂಳು ಬಹಳ. ನಸುಕಿನಲ್ಲಿ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನಕ್ಕೆ ಬೆರಳಿನಿಂದ ಹೆಸರು ಬರೆಯಬಹುದು. ಇಷ್ಟು ದುಡಿಯುವ ಯಂತ್ರ ಬತ್ತಲೆ ಕೂತಿದೆಯಲ್ಲ ಎಂದು ನನಗೆ ಕನಿಕರವಾಗಿ ಕೌದಿ ಹೊಲಿದೆ. ಶೈಲಾ ಅದನ್ನು ನೋಡಿ ನಗಲಿಲ್ಲ. "ಅತ್ತೀ, ಭಾಳ ಛಂದ ಆಗೇದ್ರಿ. ಆದ್ರ ಒಂದ ಮಾತು, ಪೂರಾ ಬಂದ್ ಮಾಡಿದ ಮ್ಯಾಲೆನ ಹೊಚ್ಚಬೇಕು. ಚಾಲೂ ಇದ್ದಾಗ ಹೊಚ್ಚಿದ್ರ ಅದಕ್ಕ ಉಸಿರು ಕಟ್ಟತೈತ್ರಿ," ಎಂದಳು. ಕೂಸಿನ ಮುಖದ ಮೇಲೆ ಕೌದಿ ಬರಬಾರದೆಂದು ಹೇಳಿದ ಹಾಗೆ ನನಗೆ ಕೇಳಿಸಿತು, ಹಾಗಾಗಿ ಮರೆಯಲಿಲ್ಲ.

ಕೌದಿ ಧೂಳನ್ನು ತಡೆಯಿತು. ನಿಮ್ಮಿಬ್ಬರನ್ನು ತಡೆಯುವುದು ಅದರ ಕೈಲಾಗುವ ಕೆಲಸವಾಗಿರಲಿಲ್ಲ. ಗೌರಿ, ನಿನಗೆ ಸಾಲೆಯ ಪಾಠಕ್ಕೆ, ಚಿತ್ರ ಬರೆಯಲಿಕ್ಕೆ ಅದು ಬೇಕು. ಅಕ್ಕನಿಗೆ ಬೇಕಾದದ್ದು ತಮ್ಮನಿಗೆ ಬೇಡವಾದೀತೇ? ಶೈಲಾ ಯೋಚನೆ ಮಾಡಿ ಒಂದೊಂದೇ ಬಂದೋಬಸ್ತು ಮಾಡುವುದನ್ನು ನಾನು ಕಾಳು ಆರಿಸುತ್ತ ನೋಡುತ್ತಿದ್ದೆ. ಮೊದಲು ಕಂಪ್ಯೂಟರನ್ನು ತನ್ನ ಕೋಣೆಯಿಂದ ಪಡಸಾಲೆಗೆ ತಂದು, ಅಡುಗೆಮನೆಯಿಂದ ಇಣುಕಿದರೂ ಕಾಣುವಂತೆ ಅದರ ಮುಖ ತಿರುಗಿಸಿಟ್ಟಳು. ಆಮೇಲೆ ಅದರೊಳಗೇ ನಿಮಗೊಂದು ಬೇರೆ ಬಾಗಿಲು ಮಾಡಿದಳು. ಆ ಬಾಗಿಲಿಂದ ಒಳಗೆ ಹೋದರೆ ನಿಮ್ಮ ಚಿತ್ರ, ನಿಮ್ಮ ಆಟ, ನಿಮ್ಮ ಪಾಠ ಇಷ್ಟೇ. ಅವಳ ಲಗ್ನಪತ್ರಿಕೆಗಳು ಇನ್ನೊಂದು ಬಾಗಿಲ ಹಿಂದೆ, ಗುಟ್ಟಿನ ಅಕ್ಷರಗಳ ಕೀಲಿ ಹಾಕಿಕೊಂಡು ಕೂತಿರುತ್ತವೆ. ಹೊಸ ಆಟವೊಂದನ್ನು ಒಳಗೆ ಕರೆದುಕೊಳ್ಳಬೇಕಾದರೆ ಅವಳ ಕೀಲಿಯೇ ಬೇಕು. ಹೊತ್ತು ಮೀರಿದರೆ ನಿಮ್ಮ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಹೊರಗಿನ ಕೇಡು ನುಗ್ಗದಂತೆ ಕಾವಲಿನ ಪ್ರೋಗ್ರಾಮೊಂದನ್ನು ಹಾಕಿಸಿದಳು, ಮತ್ತು ಪ್ರತಿ ಸಂಜೆ ತನ್ನ ಕೆಲಸದ ಒಂದು ಪ್ರತಿಯನ್ನು ಅಂಗೈಯಷ್ಟು ಸಣ್ಣ ಡಬ್ಬಿಗೆ ತುಂಬಿ ಕಪಾಟಿನಲ್ಲಿಡತೊಡಗಿದಳು.

ಇದೆಲ್ಲ ನನಗೆ ಹೊಸದೆನಿಸಲಿಲ್ಲ. ಮಕ್ಕಳ ಕೈಗೆ ಸಿಗದಂತೆ ಬೆಣ್ಣೆಯನ್ನು ಜಂತಿಗೆ ತೂಗುಬಿಟ್ಟ ನೆಲವಿನ ಮೇಲಿಡುವುದು, ಬಿತ್ತನೆಯ ಬೀಜವನ್ನು ಊಟದ ಕಾಳಿನೊಡನೆ ಬೆರೆಸದೆ ಬೇರೆ ಗಡಿಗೆಯಲ್ಲಿ ಕಟ್ಟಿಡುವುದು, ಹಿತ್ತಿಲ ಬಾಗಿಲಿಗೆ ಅಗಳಿ ಹಾಕುವುದು, ಹೆಂಗಸರು ಹಿಂದಿನಿಂದ ಮಾಡಿಕೊಂಡು ಬಂದ ಕೆಲಸವೇ ತಾನೇ. ಬಾಗಿಲು ಬದಲಾಗಿದೆ, ಅಗಳಿಯ ಹೆಸರು ಬದಲಾಗಿದೆ, ಹಾಕುವ ಕೈಯ ಕಾಳಜಿ ಅದೇ ಇದೆ. ಸೊಸೆಯ ಬಗ್ಗೆ ನನಗೆ ಹೆಮ್ಮೆಯಾಯಿತು. ಬಾಯಿಬಿಟ್ಟು ಹೇಳಲಿಲ್ಲ, ಅವತ್ತು ಅವಳ ರೊಟ್ಟಿಗೆ ಬೆಣ್ಣೆ ಜಾಸ್ತಿ ಹಾಕಿದೆ.

ಇಲ್ಲಿ ಸ್ವಲ್ಪ ಹೊತ್ತು ನನ್ನೊಡನೆ ಗರಗಕ್ಕೆ ಬನ್ನಿರಿ. ದೇಶದ ಬಾವುಟಕ್ಕೆ ಖಾದಿ ನೇಯುವ ಊರು ಅದು. ನಮ್ಮ ಮನೆಯ ಪಡಸಾಲೆಯ ಅರ್ಧವನ್ನು ಮಗ್ಗವೇ ನುಂಗಿತ್ತು. ಅಪ್ಪ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ, ಅವ್ವ ರಾಟಿಯ ಮುಂದೆ ಕುಳಿತು ಲಾಳಿಗೆ ಬೇಕಾದ ಕಂಡಿಕೆಗೆ ನೂಲು ಸುತ್ತುತ್ತಿದ್ದಳು, ಮಕ್ಕಳಾದ ನಾವು ಹಾಸಿದ ನೂಲಿನ ಆಚೀಚೆ ಆಡುತ್ತಿದ್ದೆವು. ಮಕ್ಕಳು ಮತ್ತು ನೂಲು ಒಂದೇ ಮನೆಯಲ್ಲಿರುವಾಗ ಎಳೆ ಹರಿಯದೆ ಇರುತ್ತದೆಯೇ? ಕಾಲು ತಾಗಿ ಹರಿಯುತ್ತಿತ್ತು, ಬೆಕ್ಕು ಹಾರಿ ಹರಿಯುತ್ತಿತ್ತು, ಒಮ್ಮೊಮ್ಮೆ ನೂಲು ತನ್ನಷ್ಟಕ್ಕೆ ತಾನೇ ಬೇಸರಗೊಂಡು ಹರಿಯುತ್ತಿತ್ತು. ಆಗ ಏನು ಮಾಡಬೇಕೆಂಬುದಕ್ಕೆ ಮನೆಯಲ್ಲಿ ಒಂದೇ ಕಟ್ಟಳೆ. ಕಂಡವರು ತಕ್ಷಣ "ಎಳಿ ಹರೀತು!" ಎಂದು ಕೂಗಬೇಕು. ಅಪ್ಪ ಮಗ್ಗ ನಿಲ್ಲಿಸುತ್ತಿದ್ದ, ಅವ್ವ ಬಂದು ಬೆರಳಿನಲ್ಲಿ ಹೊಸೆದು ಗಂಟು ಹಾಕುತ್ತಿದ್ದಳು, ಮತ್ತೆ ಲಾಳಿ ಓಡುತ್ತಿತ್ತು. ಹರಿದವರು ಯಾರು ಎಂದು ಕೇಳುವ ಪದ್ಧತಿಯೇ ಇರಲಿಲ್ಲ. ಒಮ್ಮೆ ನೆರೆಮನೆಯ ಕಾಕೂ ಬಂದವಳು, "ಇಷ್ಟ ಸಲ ಹರೀತಾವಲ್ಲ, ಒಂದ ಏಟು ಹಾಕಬಾರದೇನs?" ಎಂದಿದ್ದಕ್ಕೆ ನನ್ನವ್ವ, "ಏಟು ಹಾಕಿದ್ರ ಹರಿಯೂದು ನಿಂದ್ರೂದಿಲ್ಲs ಯಕ್ಕಾ, ಕೂಗೂದು ನಿಂದರತೈತಿ," ಎಂದಿದ್ದಳು. ಕೂಗಿದರೆ ಒಂದು ಗಂಟಿನಲ್ಲಿ ಮುಗಿಯುವ ಕೆಲಸ. ಕೂಗದಿದ್ದರೆ ಮಗ್ಗ ಮುಂದೆ ಹೋಗಿಬಿಡುತ್ತದೆ, ಆ ಒಂದು ಎಳೆಯ ಜಾಗದಲ್ಲಿ ಬಟ್ಟೆಯ ಉದ್ದಕ್ಕೂ ಸಂದು ಬೀಳುತ್ತದೆ.

ಈ ಮಾತು ನನಗೆ ಎಷ್ಟೋ ವರ್ಷ ನೆನಪಾಗಿರಲಿಲ್ಲ. ನೆನಪಾದದ್ದು ಹೋದ ಬೇಸಿಗೆಯ ಮುಂಚಿನ ಒಂದು ಶನಿವಾರ. ನಿಮ್ಮಪ್ಪ ಕಚೇರಿಯಲ್ಲಿದ್ದ. ಯಾವುದೋ ಸಾಲೆಯ ಶತಮಾನೋತ್ಸವದ ಸಂಚಿಕೆಯ ಪುಟಗಳು ಸೋಮವಾರ ಮುದ್ರಣಕ್ಕೆ ಹೋಗಬೇಕೆಂದು ಶೈಲಾ ಬೆಳಗಿನಿಂದ ಕೂತಲ್ಲೇ ಕೂತಿದ್ದಳು. ಮಧ್ಯಾಹ್ನ, ಕೆಲಸವನ್ನು ಹಾಗೇ ತೆರೆದಿಟ್ಟು, ತನ್ನ ಬಾಗಿಲಿಗೆ ಕೀಲಿ ಹಾಕಿ, ಮುದ್ರಣಾಲಯದವರಿಗೆ ಮಾದರಿ ತೋರಿಸಲು ಹುಬ್ಬಳ್ಳಿಗೆ ಹೋದಳು. ನಿಮಗೆ ಅರ್ಧ ದಿನದ ಸಾಲೆ. ಊಟ ಮಾಡಿಸಿ ನಾನು ಅಡುಗೆಮನೆಯಲ್ಲಿ ಶೇಂಗಾ ಹುರಿಯುತ್ತಿದ್ದೆ. ಹುರಿಯುವ ಸದ್ದಿನಲ್ಲಿ ಬೇರೇನೂ ಕೇಳಿಸಲಿಲ್ಲ.

ಗೌರಿ, ನೀನು ಬಾಗಿಲಿಗೆ ಬಂದು ನಿಂತೆ. "ಆಯೀ, ನಿನ್ನ ಫೋನ್ ಒಂದೀಟು ಕೊಡ," ಎಂದೆ. ಕೇಳದೇ ತೆಗೆದುಕೊಳ್ಳುವವಳು ನೀನು. ಅವತ್ತು ಕೇಳಿದೆ, ಅದೂ ಯಾರದೋ ಮನೆಗೆ ಬಂದವಳ ಹಾಗೆ ಸಣ್ಣ ದನಿಯಲ್ಲಿ.

"ಯಾಕವಾ? ಮಮ್ಮಿಗೆ ಹಚ್ಚತೀಯೇನ?"

"ಅಲ್ಲs... ಸುಮ್ನ."

ಅಷ್ಟರಲ್ಲಿ ಚನ್ನು, ನೀನು ಹಿಂದಿನಿಂದ ಬಂದು ಶೇಂಗಾಕ್ಕೆ ಕೈಯೊಡ್ಡುತ್ತ ಹೇಳಿದೆ: "ಆಯೀ, ಕಂಪ್ಯೂಟರಿಗೆ ಥಂಡಿ ಹತ್ತೇತಿ. ಅಕ್ಕ ಕೌದಿ ಹೊಚ್ಯಾಳ."

ಒಲೆ ಆರಿಸಿ ಪಡಸಾಲೆಗೆ ಹೋದೆ. ಕೌದಿ ಹೊದ್ದಿತ್ತು, ಆದರೆ ಒಳಮಗ್ಗುಲು ಮೇಲೆ ಮಾಡಿ. ನನ್ನ ದಾರದ ಗಂಟುಗಳೆಲ್ಲ ಹೊರಗೆ ಕಾಣುತ್ತಿದ್ದವು. ಪರದೆಯನ್ನೂ ಕೆಳಗಿನ ಪೆಟ್ಟಿಗೆಯನ್ನೂ ಸೇರಿಸಿ ಎಳೆದು ಮುಚ್ಚಿ, ಅಂಚುಗಳನ್ನು ಒಳಗೆ ಸಿಕ್ಕಿಸಲಾಗಿತ್ತು. ಕೈ ಇಟ್ಟು ನೋಡಿದರೆ ಬೆಕ್ಕು ಮಲಗಿ ಎದ್ದುಹೋದ ಜಾಗದ ಹಾಗೆ ಬಿಸಿ. ಒಳಗೆ ಏನೋ ಉಸಿರು ಹಾಕುತ್ತಿರುವ ಸದ್ದು. ಕೌದಿ ಎತ್ತಿದೆ. ಪರದೆಯ ತುಂಬ ಕೆಂಪು ಬಣ್ಣ, ಇಂಗ್ಲಿಷಿನಲ್ಲಿ ದೊಡ್ಡ ದೊಡ್ಡ ಅಕ್ಷರ, ಕೆಳಗೊಂದು ಫೋನ್ ನಂಬರು. ನನಗೆ ಇಂಗ್ಲಿಷ್ ಓದಲು ಬಾರದು. ಆದರೆ ಹೆದರಿಸಲು ಬರೆದ ಬರಹ ಯಾವುದೆಂದು ತಿಳಿಯಲು ಭಾಷೆ ಬರಬೇಕಾಗಿಲ್ಲ.

ಗೌರಿ, ನೀನು ಗೋಡೆಗೆ ಆತು ನಿಂತಿದ್ದೆ. ನಿನ್ನ ಮುಖ ನೋಡಿದಾಗ ನನ್ನ ಅಪ್ಪನ ಮಗ್ಗ ಎಲ್ಲಿಂದಲೋ ಎದ್ದು ಬಂತು. ಏನು ಮಾಡಿದೆ ಎಂದು ಕೇಳಬೇಕೆಂದಿದ್ದೆ. ಬಾಯಲ್ಲಿ ಬಂದದ್ದು ಬೇರೆ. "ಗೌರವ್ವಾ, ಎಳಿ ಹರೀತೇನ?"

"ಅಂದ್ರ?"

ನೆಲದ ಮೇಲೆ ಕುಳಿತು ನಿನ್ನನ್ನು ತೊಡೆಯ ಮೇಲೆ ಎಳೆದುಕೊಂಡು ಮಗ್ಗದ ಕಥೆ ಹೇಳಿದೆ. ಹೇಳಿದ್ದು ಸ್ವಲ್ಪವೇ, ಅಷ್ಟು ಸಮಾಧಾನ ನನಗೂ ಇರಲಿಲ್ಲ. ಕೊನೆಗೆ, "ಕೂಗಿದವರಿಗೆ ಯಾರೂ ಬೈಯೂದಿಲ್ಲ," ಎಂದೆ.

"ಮಮ್ಮಿನೂ ಬೈಯೂದಿಲ್ಲs?"

"ಬೈಯೂದಿಲ್ಲ."

"ಆಣಿ ಮಾಡ."

ಮಾಡಿದೆ. ಆಮೇಲೆ ಮಾತು ಅಳುವಿನೊಂದಿಗೆ ಬೆರೆತು ಬಂತು. ನಿಮ್ಮ ಬಾಗಿಲಿನಲ್ಲಿ ಸಿಗದ ಒಂದು ಬಣ್ಣದ ಆಟ ಬೇಕಾಗಿತ್ತು. ಮಮ್ಮಿಯ ಬೆರಳು ಓಡುವುದನ್ನು ದಿನಾ ನೋಡಿ ನೋಡಿ ಅವಳ ಗುಟ್ಟಿನ ಅಕ್ಷರ ಕಲಿತಿದ್ದೆ. ಅವಳ ಬಾಗಿಲಿಂದ ಹೋಗಿ ಎಲ್ಲೋ ಒತ್ತಿದಾಗ ಕೆಂಪು ಬಂತು, ಗಂಟೆ ಬಾರಿಸಿತು, ಕಂಪ್ಯೂಟರು ಕೆಟ್ಟಿದೆ, ಈ ನಂಬರಿಗೆ ಫೋನ್ ಮಾಡದಿದ್ದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ ಎಂದು ಹೇಳಿತು. "ಮಮ್ಮಿ ಪುಸ್ತಕ ಹೋಕ್ಕೇತಿ ಆಯೀ, ಅದಕ್ಕ ಫೋನ್ ಮಾಡೋಣಂತ..." ಆ ಹೊತ್ತಿನಲ್ಲಿ ನಾನು ಶೇಂಗಾದ ಧ್ಯಾನದಲ್ಲಿ ಸುಮ್ಮನೆ ಫೋನ್ ಕೊಟ್ಟುಬಿಟ್ಟಿದ್ದರೆ? ನಿಮ್ಮ ಅಜ್ಜನ ಪಿಂಚಣಿ ಬಂದು ಬೀಳುವುದು ಅದೇ ಫೋನಿಗೆ ಅಂಟಿದ ಬ್ಯಾಂಕಿನ ಖಾತೆಗೆ. ಆದರೆ ನನಗೆ ಅದಕ್ಕಿಂತ ಹೆಚ್ಚು ಹೆದರಿಕೆಯಾದದ್ದು, ಆ ಕಡೆಯಿಂದ ಯಾವನೋ ಅಪರಿಚಿತನ ದನಿ ನಿನ್ನ ಕಿವಿಗೆ ಬೀಳುತ್ತಿತ್ತಲ್ಲ ಎಂದು.

ಶೈಲಾಳಿಗೆ ಫೋನ್ ಹಚ್ಚಿದೆ. ಅವಳು ಬಸ್ಸಿನಲ್ಲಿದ್ದಳು, ಮನೆಯ ದಾರಿಯಲ್ಲೇ.

"ಆ ನಂಬರಿಗೆ ಯಾರೂ ಫೋನ್ ಮಾಡಿಲ್ಲ ಹೌದಲ್ರಿ ಅತ್ತೀ?"

"ಇಲ್ಲವಾ."

"ಹಂಗಾರ ಗಾಬರಿ ಆಗಬ್ಯಾಡ್ರಿ. ಏನೂ ಒತ್ತಬ್ಯಾಡ್ರಿ. ಗ್ವಾಡಿ ಮ್ಯಾಲಿನ ಇಂಟರ್ನೆಟ್ ಪೆಟಿಗಿ ಬಟನ್ ತಗೀರಿ. ಆಮ್ಯಾಲೆ ಕೆಳಗಿನ ಪೆಟಿಗಿ ದುಂಡನ ಗುಂಡಿ ಒತ್ತಿ ಹಿಡೀರಿ, ದೀಪ ಆರೂ ತನಾ ಬಿಡಬ್ಯಾಡ್ರಿ."

"ನಾ ಒತ್ತಲ್ಯಾ? ನಿನ್ನ ಕೆಲಸ ತೆರದೈತಂತ, ಅದು?"

"ಹೋದ್ರ ಹೋಗಲ್ರಿ. ಒತ್ತರಿ," ಎಂದಳು.

ಧೂಳು ಒರೆಸುವುದನ್ನು ಬಿಟ್ಟರೆ ಎಂದೂ ಅದನ್ನು ಮುಟ್ಟದ ಬೆರಳಿನಿಂದ ಒತ್ತಿ ಹಿಡಿದೆ. ಉಸಿರು ನಿಂತಿತು, ದೀಪ ಆರಿತು. ಯಂತ್ರ ಶಾಂತವಾದರೂ ನಾನು ಶಾಂತಳಾಗಲಿಲ್ಲ. ಏಕೆಂದರೆ, ಶೈಲಾಳ ಪರವಾಗಿ ನಾನು ಆಣೆ ಮಾಡಿಬಿಟ್ಟಿದ್ದೆ. ಬೈಯುವುದೂ ಬಿಡುವುದೂ ಅವಳ ಹಕ್ಕು; ಹಾಳಾಗಿದ್ದರೆ ಹಾಳಾದದ್ದು ಅವಳ ದುಡಿಮೆ. ಸೊಸೆಗೆ ಮಕ್ಕಳನ್ನು ಹೀಗೆ ಬೆಳೆಸು, ಹಾಗೆ ಬೆಳೆಸು ಎಂದು ನಾನು ಒಂದು ದಿನವೂ ಹೇಳಿದ್ದಿಲ್ಲ. ಈಗ ಅವಳು ಬಂದು ಒಂದು ಮಾತು ಜೋರಾಗಿ ಆಡಿದರೂ, ಅದು ತಪ್ಪಲ್ಲದಿದ್ದರೂ, ನೀನು ಇನ್ನು ಮುಂದೆ ಕೂಗುವುದಿಲ್ಲ. ಮುಂದಿನ ಎಳೆ ಹರಿದಾಗ ಇನ್ನೂ ದಪ್ಪ ಕೌದಿ ಹುಡುಕುತ್ತೀ. ಕಂಪ್ಯೂಟರು ಹೋದರೆ ಇನ್ನೊಂದು ಬಂದೀತು. ಒಂಬತ್ತು ವರ್ಷದ ಕೂಸಿನ ಬಾಯಿ ಒಮ್ಮೆ ಮುಚ್ಚಿಕೊಂಡರೆ ಅದನ್ನು ತೆರೆಸುವ ಕೀಲಿ ಯಾವ ಅಂಗಡಿಯಲ್ಲಿ ಸಿಕ್ಕೀತು?

ಗೇಟಿನ ಸದ್ದಾಯಿತು. ಶೈಲಾ ಚಪ್ಪಲಿ ಬಿಟ್ಟು ಒಳಗೆ ಬಂದಳು. ಬಿಸಿಲಿಗೆ ಮುಖ ಕೆಂಪಗಾಗಿತ್ತು. ಬಿಸಿಲಿಗೋ ಸಿಟ್ಟಿಗೋ ನನಗೆ ತಿಳಿಯಲಿಲ್ಲ. ನೀನು ನನ್ನ ಸೆರಗಿನ ಹಿಂದೆ ಸೇರಿಕೊಂಡೆ. ನಾನು ಒಂದು ತಂಬಿಗೆ ನೀರು ಕೊಟ್ಟು, ನೆಲ ನೋಡುತ್ತ, ಹೇಗೋ ಹೇಳಿದೆ: "ಶೈಲಾ, ನಿನ್ನ ಕೇಳಲಾರದ ಒಂದು ಆಣಿ ಮಾಡೇನವಾ. ಹೇಳಿದ್ರ ಮಮ್ಮಿ ಬೈಯೂದಿಲ್ಲಂತ."

ಅವಳು ನೀರು ಕುಡಿದಳು. ನಿಧಾನವಾಗಿ, ಪೂರ್ತಿ. ತಂಬಿಗೆ ಕೆಳಗಿಟ್ಟು ನಿನ್ನ ಕಡೆ ನೋಡಿದಳು.

"ಫೋನ್ ಮಾಡೂಕಿಂತ ಮೊದಲ ಹೇಳಿದ್ಯಾ?"

ನೀನು ತಲೆಯಾಡಿಸಿದೆ.

"ಶಾಣ್ಯಾಕಿ. ಬಾ ಇಲ್ಲೆ."

ನೀನು ಹೋದೆ. ಅವಳ ಕುತ್ತಿಗೆಗೆ ಜೋತುಬಿದ್ದು ಅತ್ತ ಅಳು ಇದೆಯಲ್ಲ, ಅದರ ಸದ್ದಿಗೆ ಆಚೆಮನೆಯವರು ಇಣುಕಿ ನೋಡಿದರು. ಸ್ವಲ್ಪ ಹೊತ್ತಿನ ಮೇಲೆ ಶೈಲಾ, "ಅಲ್ಲಲೇ ಕಳ್ಳಿ, ನನ್ನ ಪಾಸ್‌ವರ್ಡ್ ಬೆರಳ ನೋಡೇ ಕಲತ್ಯಾ? ಇಷ್ಟ ಲಕ್ಷ್ಯ ಮಗ್ಗಿ ಕಲಿಯೂದರಾಗ ಇದ್ದಿದ್ರ ನಾ ಹಣಿಹಣಿ ಬಡಕೊಳ್ಳೂದು ತಪ್ಪತಿತ್ತು," ಎಂದಳು. ಚನ್ನು, ನೀನು ನಕ್ಕೆ, ಏಕೆಂದು ಗೊತ್ತಿಲ್ಲದೆಯೇ. ಆಮೇಲೆ ಎಲ್ಲರೂ ನಕ್ಕೆವು.

ಕಂಪ್ಯೂಟರಿಗೆ ಏನೂ ಆಗಿರಲಿಲ್ಲ. ಆ ಕೆಂಪೆಲ್ಲ ಬರೀ ಬೆದರಿಕೆಯ ವೇಷವೆಂದು ಶೈಲಾ ಪರೀಕ್ಷಿಸಿ ಹೇಳಿದಳು. ಹಿಂದಿನ ಸಂಜೆಯ ಪ್ರತಿ ಕಪಾಟಿನ ಡಬ್ಬಿಯಲ್ಲಿ ಕ್ಷೇಮವಾಗಿತ್ತು. ಆದರೆ ಅವತ್ತು ಬೆಳಗಿನಿಂದ ಕಟ್ಟಿದ ಪುಟಗಳು, ನಾನು ಗುಂಡಿ ಒತ್ತಿದ್ದರಿಂದ, ಕೆಟ್ಟುಹೋಗಿದ್ದವು. ಭಾನುವಾರ ಕೆಲಗೇರಿ ಕೆರೆಗೆ ಹೋಗೋಣವೆಂದು ನಿಮಗೆ ಮಾತು ಕೊಟ್ಟಿದ್ದ ಅವಳು ಆ ಭಾನುವಾರವನ್ನೆಲ್ಲ ಅವುಗಳನ್ನೇ ಮತ್ತೆ ಕಟ್ಟುವುದರಲ್ಲಿ ಕಳೆದಳು. ಕೆರೆಗೆ ನಿಮ್ಮನ್ನು ನಿಮ್ಮಪ್ಪ ಕರೆದೊಯ್ದ. ಹೋದ ಪುಟಗಳ ಮಾತನ್ನು ಅವಳು ನಿಮ್ಮ ಮುಂದೆ ಎತ್ತಲಿಲ್ಲ, ಇವತ್ತಿನವರೆಗೂ ಎತ್ತಿಲ್ಲ. ಅದಕ್ಕೇ ನಾನು ಬರೆದಿಡುತ್ತಿದ್ದೇನೆ. ನನ್ನ ಆಣೆಯನ್ನು ನಡೆಸಿಕೊಟ್ಟವಳು ಅವಳು, ಅದಕ್ಕೆ ಬೆಲೆ ತೆತ್ತವಳೂ ಅವಳೇ. ನನ್ನವ್ವ ಮಗ್ಗದ ಮುಂದೆ ಕೂತು ಕಲಿತದ್ದನ್ನು, ಮಗ್ಗವನ್ನೇ ಕಾಣದ ಈ ಹುಡುಗಿ ಒಂದು ತಂಬಿಗೆ ನೀರು ಕುಡಿಯುವಷ್ಟು ಹೊತ್ತಿನಲ್ಲಿ ಎಲ್ಲಿಂದ ಕಲಿತಳೋ. ನನಗೆ ಹೆಣ್ಣುಮಕ್ಕಳಿಲ್ಲ ಎಂದು ಒಂದು ಕಾಲಕ್ಕೆ ಕೊರಗುತ್ತಿದ್ದೆ. ಆ ಕೊರಗು ಅವತ್ತು ಗೇಟು ದಾಟಿ ಹೋಯಿತು.

ಆಮೇಲೆ ಅವಳು ತನ್ನ ಕೀಲಿಯನ್ನು ಬದಲಿಸಿದಳು. ಈಗ ಅದನ್ನು ಒತ್ತುವಾಗ ಎಡಗೈಯನ್ನು ಮರೆ ಹಿಡಿಯುತ್ತಾಳೆ, ಎಲೆಯಡಿಕೆ ಚೀಲ ಮುಚ್ಚುವ ಮುದುಕಿಯ ಹಾಗೆ. ಎದ್ದು ಹೋಗುವ ಮುಂಚೆ ಎಲ್ಲವನ್ನೂ ಮುಚ್ಚಿ ಹೋಗುತ್ತಾಳೆ. ಗೌರಿ, ನಿನಗೆ ಬೇಕಾಗಿದ್ದ ಬಣ್ಣದ ಆಟದಂಥದೇ ಒಂದನ್ನು, ತಾನೇ ನೋಡಿ ಆರಿಸಿ, ನಿಮ್ಮ ಬಾಗಿಲೊಳಗೆ ಹಾಕಿಕೊಟ್ಟಳು. ಮನೆಯಲ್ಲಿ ಕಟ್ಟಳೆಯೂ ಒಂದಾಯಿತು. ಪರದೆಯ ಮೇಲೆ ಹೆದರಿಕೆಯದು, ಹೊಲಸಿನದು, ತಿಳಿಯದ್ದು ಏನೇ ಬಂದರೂ ಮುಚ್ಚಬಾರದು, ಕೂಗಬೇಕು. ಚನ್ನು, ನೀನಂತೂ ಕಟ್ಟಳೆಯನ್ನು ತಲೆಯ ಮೇಲೆ ಹೊತ್ತುಕೊಂಡೆ, ಬಣ್ಣದ ಆಟದಲ್ಲಿ ಆನೆಗೆ ಹಸಿರು ಬಣ್ಣ ಬಿದ್ದರೂ "ಎಳಿ ಹರೀತು!", ಹಾಲು ಚೆಲ್ಲಿದರೂ "ಎಳಿ ಹರೀತು!". ನಿಮ್ಮಪ್ಪನ ಚಪ್ಪಲಿಯ ಉಂಗುಟ ಕಿತ್ತಾಗ ಅವನೂ ಹೊಸ್ತಿಲಲ್ಲಿ ನಿಂತು ಅದನ್ನೇ ಕೂಗಿದ.

ಬೀಗಗಳು ಬೇಕು, ನಾನು ಬೇಡವೆನ್ನುವುದಿಲ್ಲ. ಅವತ್ತು ಆ ಡಬ್ಬಿ ಕಪಾಟಿನಲ್ಲಿ ಇಲ್ಲದಿದ್ದರೆ ನಮ್ಮ ನಗು ಅಷ್ಟು ಬೇಗ ಬರುತ್ತಿರಲಿಲ್ಲ. ಆದರೆ ಬೆಳೆಯುವ ಮಕ್ಕಳ ಎತ್ತರಕ್ಕೆ ನೆಲವು ಎಷ್ಟು ದಿನ ಮೇಲಿದ್ದೀತು? ಒಂದಲ್ಲ ಒಂದು ದಿನ ಕೈಗೆ ಸಿಕ್ಕೇ ಸಿಗುತ್ತದೆ. ಅವತ್ತಿಗೆ ಉಳಿಯುವುದು ಮನೆಯೊಳಗಿನ ಒಂದು ಕೂಗು, ಅದಕ್ಕೆ ಓಗೊಡುವ ಇನ್ನೊಂದು ದನಿ.

ಇಷ್ಟು ಹೇಳಿ ಮುಗಿಸುವವಳಿದ್ದೆ. ಆದರೆ ಇದನ್ನೆಲ್ಲ ನಾನು ಬರೆದದ್ದು ಎಲ್ಲಿ ಗೊತ್ತೇ? ಅದೇ ಕಂಪ್ಯೂಟರಿನಲ್ಲಿ. ಶೈಲಾ ಒಂದು ದಿನ ಕರೆದು ಪರದೆ ತೋರಿಸಿದಳು. ಅವಳ ಬಾಗಿಲು, ನಿಮ್ಮ ಬಾಗಿಲು, ಅವುಗಳ ಪಕ್ಕದಲ್ಲಿ ಮೂರನೆಯದೊಂದು. ಅದರ ಮೇಲೆ ಕೌದಿಯ ಚಿತ್ರ, ಕೆಳಗೆ "ಆಯಿ" ಎಂದು ಕನ್ನಡದಲ್ಲಿ ಬರೆದಿತ್ತು. "ಇದು ನಿಮ್ಮದ್ರಿ ಅತ್ತೀ. ಒಳಗ ಏನ ಮಾಡಿದ್ರೂ ಯಾರಿಗೂ ಏನೂ ಆಗೂದಿಲ್ಲ," ಎಂದಳು. ಈ ವಯಸ್ಸಿನವರೆಗೆ ನನ್ನದೇ ಎನ್ನುವ ಒಂದು ಬಾಗಿಲು ನನಗಿರಲಿಲ್ಲ. ಬೇಕೆಂದು ಅನ್ನಿಸಿಯೂ ಇರಲಿಲ್ಲ. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತ, ದಿನಕ್ಕೆ ಒಂದು ಗೇಣು ನೇಯ್ದ ಹಾಗೆ, ಇಲ್ಲಿಯವರೆಗೆ ಬಂದೆ.

ಈಗ, ಸ್ವಲ್ಪ ಹೊತ್ತಿನ ಹಿಂದೆ, ಏನು ಒತ್ತಿದೆನೋ, ಬರೆದದ್ದೆಲ್ಲ ಮಾಯವಾಗಿ ಪರದೆ ಬೆಳ್ಳಗಾಗಿಬಿಟ್ಟಿತು. ಮೊದಲು ನನ್ನ ಕೈ ಹೋದದ್ದು ಎಲ್ಲಿಗೆ ಹೇಳಲಿ? ಮಡಿಚಿಟ್ಟ ಕೌದಿಯ ಕಡೆಗೆ. ಹೊದಿಸಿ ಎದ್ದುಹೋಗಿ ದೇವರ ಮುಂದೆ ಕೂತುಬಿಡಬೇಕು ಎನ್ನಿಸಿತು. ಆಗ, ಗೌರಿ, ಗೋಡೆಗೆ ಆತು ನಿಂತಿದ್ದ ನೀನು ನೆನಪಾದೆ. ಬಾಗಿಲ ಚಿಲಕ ಸದ್ದು ಮಾಡಿ ಬದುಕು ಸವೆಸಿದ ನಾನು ಉಸಿರು ತುಂಬಿಕೊಂಡು, ಆಚೆಮನೆಯವರಿಗೂ ಕೇಳುವ ಹಾಗೆ ಕೂಗಿದೆ: "ಶೈಲಾ! ಎಳಿ ಹರೀತವಾ!"

"ಬಂದೇರೀ ಅತ್ತೀ!" ಹಿತ್ತಿಲಿನಿಂದ ದನಿ ಬಂತು. ಅದಕ್ಕಿಂತ ಮುಂಚೆ ನೀವಿಬ್ಬರು ಓಡಿ ಬಂದಿರಿ. "ಆಯಿ ಕೂಗಿದ್ಲು! ಆಯಿ ಕೂಗಿದ್ಲು!" ಎಂದು, ಚನ್ನು, ನೀನು ಕುಣಿದೆ. ಶೈಲಾ ಹಿಟ್ಟಿನ ಕೈಯ ಕಿರುಬೆರಳಿನಿಂದ ಏನೋ ಒತ್ತಿದಳು. ನನ್ನ ಅಕ್ಷರಗಳೆಲ್ಲ ಒಂದೂ ಕಡಿಮೆಯಿಲ್ಲದೆ ಮರಳಿ ಬಂದು ನಿಂತವು. ಯಾರೂ ಏನು ಒತ್ತಿದೆ ಎಂದು ಕೇಳಲಿಲ್ಲ.

ಸಂಜೆಯಾಗುತ್ತಿದೆ. ಇದನ್ನು ಉಳಿಸಿ, ಬಾಗಿಲು ಹಾಕಿ, ದೀಪ ಆರುವವರೆಗೆ ಕಾಯುತ್ತೇನೆ. ಆಮೇಲೆ ಜ್ವರ ಬಂದ ಕೂಸಿನ ಹಣೆ ಮುಟ್ಟಿ ನೋಡುವ ಹಾಗೆ ಪೆಟ್ಟಿಗೆಯ ಮೇಲೆ ಅಂಗೈ ಇಡುತ್ತೇನೆ. ತಣ್ಣಗಾಗಿದ್ದರೆ ಮಾತ್ರ ಕೌದಿ ಬಿಚ್ಚಿ, ನಿಮ್ಮ ಹಳದಿ ಹೂ, ಕೆಂಪು ತುಂಡು, ಅವರ ನೀಲಿ ಗೆರೆ ಮೇಲೆ ಬರುವಂತೆ ಹೊದಿಸುತ್ತೇನೆ.